ಕಾಫಿ ಕುಡಿಯದ ಹುಡುಗರು: ಕ್ವೀನ್ಸ್‌ನ ವಲಸಿಗರ ನಡುವೆ ಮಾರ್ಮನ್ ಮಿಷನರಿಯ ದಿನಗಳು

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ರೂಸ್‌ವೆಲ್ಟ್ ಅವೆನ್ಯೂ ಅಂತ ಒಂದು ರಸ್ತೆ ಇದೆ. ಅದರ ನೆತ್ತಿಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ 7ನೇ ನಂಬರಿನ ರೈಲು ಓಡುತ್ತದೆ. ರೈಲು ಬಂದಾಗ ಕೆಳಗೆ ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ. ಅದು ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು. 74ನೇ ಬೀದಿಯ ಹತ್ತಿರ ಸೀರೆ ಅಂಗಡಿ, ಚಿನ್ನದಂಗಡಿ, ಇಡ್ಲಿ ರವೆ ಸಿಗುವ ದಿನಸಿ ಅಂಗಡಿ. ಅಲ್ಲಿಂದ ಪೂರ್ವಕ್ಕೆ ನಡೆದರೆ ಭಾಷೆ ಬದಲಾಗುತ್ತಾ ಹೋಗುತ್ತದೆ. ಜಂಕ್ಷನ್ ಬುಲೆವಾರ್ಡ್ ದಾಟಿ ಕರೋನಾ ಅನ್ನುವ ಬಡಾವಣೆಗೆ ಬರುವಷ್ಟರಲ್ಲಿ ಬೋರ್ಡುಗಳೆಲ್ಲ ಸ್ಪ್ಯಾನಿಷ್. ಎಕ್ವಡಾರ್‌ನವರು, ಕೊಲಂಬಿಯಾದವರು, ಮೆಕ್ಸಿಕೊದ ಪುಯೆಬ್ಲಾ ಕಡೆಯವರು. ಬೀದಿ ಬದಿಯಲ್ಲಿ ತಮಾಲೆ, ಸುಟ್ಟ ಜೋಳ, ಖಾರದ ಪುಡಿ ಉದುರಿಸಿದ ಮಾವಿನ ಹೋಳು ಮಾರುತ್ತಾರೆ.

ಕೋವಿಡ್ ಇಳಿದ ಮೇಲೆ ಒಂದೂವರೆ ವರ್ಷ ನಾನು ಅಲ್ಲಿ ಬಾಡಿಗೆಗಿದ್ದೆ. ಎಕ್ವಡಾರ್‌ನ ಒಬ್ಬ ಹೆಂಗಸು ಇಡೀ ಮನೆಯನ್ನು ಬಾಡಿಗೆಗೆ ಹಿಡಿದು, ಕೋಣೆಗಳನ್ನು ಒಬ್ಬೊಬ್ಬರಿಗೆ ಬಿಟ್ಟುಕೊಟ್ಟಿದ್ದರು. ಮೇಲಿನ ಮಹಡಿಯ ಹಿಂಬದಿ ಕೋಣೆ ನನ್ನದು. ಬಂದ ದಿನ ಹಾಸಿಗೆಯನ್ನು ಮೆಟ್ಟಿಲ ಮೇಲೆ ಎಳೆಯುತ್ತಾ ಒದ್ದಾಡುತ್ತಿದ್ದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ ಹಾಕಿಕೊಂಡ ಇಬ್ಬರು ಹುಡುಗರು ಎಲ್ಲಿಂದಲೋ ಬಂದು ಹಾಸಿಗೆಗೆ ಕೈ ಹಾಕಿದರು. ಮೇಲೆ ತಲುಪಿಸಿ, ನೀರು ಕುಡಿದು ಹೋದರು. ಧರ್ಮದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಿಲ್ಲೆ ಓದಿದೆ. ‘ಎಲ್ಡರ್’ ಅಂತ ಇತ್ತು, ಪಕ್ಕದಲ್ಲಿ ಮನೆತನದ ಹೆಸರು, ಕೆಳಗೆ ಚರ್ಚಿನ ಹೆಸರು ಸ್ಪ್ಯಾನಿಷ್‌ನಲ್ಲಿ. ಎಲ್ಡರ್ ಅಂದರೆ ಹಿರಿಯ. ಆ ಹುಡುಗನಿಗೆ ಆಗ 19 ವರ್ಷ.

ಅವರು ಮಾರ್ಮನ್ ಚರ್ಚಿನ ಮಿಷನರಿಗಳು, ಅಂದರೆ ಮತ ಪ್ರಚಾರಕ್ಕೆ ಬಂದವರು. ಆಮೇಲೆ ಅವರನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿದ್ದೆ. ಅದಕ್ಕೆ ಕಾರಣ ನನ್ನ ಆಸಕ್ತಿಯಲ್ಲ, ಅವರ ಒಂದು ನಿಯಮ. ಹೆಂಗಸರಷ್ಟೇ ಇರುವ ಮನೆಯೊಳಗೆ ಎಲ್ಡರ್‌ಗಳು ಕಾಲಿಡುವಂತಿಲ್ಲ. ಇನ್ನೊಬ್ಬ ವಯಸ್ಕ ಗಂಡಸು ಇರಲೇಬೇಕು. ಮನೆಯ ಒಡತಿ ಅವರ ಪಾಠ ಕೇಳಬೇಕು ಅಂದುಕೊಂಡಾಗ ಮನೆಯಲ್ಲಿ ಇರುತ್ತಿದ್ದ ಗಂಡಸು ನಾನೊಬ್ಬನೇ. ಉಳಿದವರೆಲ್ಲ ರಾತ್ರಿ ಪಾಳಿಯ ಅಡುಗೆಯವರು, ಡೆಲಿವರಿಯವರು. ಹೀಗಾಗಿ ನಾನು ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಅಲ್ಲಿ ಕಂಡದ್ದು, ಆ ಹುಡುಗರನ್ನು ಕೇಳಿ ತಿಳಿದದ್ದು, ಆಮೇಲೆ ಓದಿಕೊಂಡದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮಾರ್ಮನ್ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಒಬ್ಬನಿಗೆ ಹಲವು ಹೆಂಡಿರು ಅನ್ನುವ ಮಾತು. ಅದನ್ನು ಬಿಡುವುದಾಗಿ ಚರ್ಚು 1890ರಲ್ಲೇ ಘೋಷಿಸಿತು. ಈಗ ಹಾಗೆ ಮದುವೆಯಾದವರನ್ನು ಚರ್ಚಿನಿಂದ ಹೊರಗೆ ಹಾಕುತ್ತಾರೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲೇ ಜೋಸೆಫ್ ಸ್ಮಿತ್ ಶುರು ಮಾಡಿದ ಪಂಥ ಇದು. ಬೈಬಲ್ ಜೊತೆಗೆ ಬುಕ್ ಆಫ್ ಮಾರ್ಮನ್ ಎಂಬ ಇನ್ನೊಂದು ಗ್ರಂಥವನ್ನೂ ದೇವರ ಮಾತು ಅಂತ ನಂಬುತ್ತಾರೆ. ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್, ನಮ್ಮನ್ನು ಮಾರ್ಮನ್ ಅನ್ನಬೇಡಿ, ಪೂರ್ತಿ ಹೆಸರು ಹೇಳಿ ಅಂತ ಕೇಳಿಕೊಂಡರು. ಜನರ ಬಾಯಲ್ಲಿ ಮಾತ್ರ ಹಳೆ ಹೆಸರೇ ಉಳಿದಿದೆ. ಓದುಗರಿಗೆ ಗುರುತು ಸಿಗಲಿ ಅಂತ ನಾನೂ ಅದನ್ನೇ ಬಳಸಿದ್ದೇನೆ.

ಇವರ ಹಿರಿಯರೂ ಒಂದು ಕಾಲಕ್ಕೆ ಓಡಿಹೋದವರೇ. 1844ರಲ್ಲಿ ಇಲಿನಾಯ್‌ನ ಜೈಲಿಗೆ ನುಗ್ಗಿದ ಗುಂಪೊಂದು ಜೋಸೆಫ್ ಸ್ಮಿತ್‌ರನ್ನು ಗುಂಡಿಟ್ಟು ಕೊಂದಿತು. ಉಳಿದವರಲ್ಲಿ ಬಹಳ ಜನ ಬ್ರಿಗಮ್ ಯಂಗ್ ಹಿಂದೆ ಪಶ್ಚಿಮಕ್ಕೆ ಹೊರಟು 1847ರಲ್ಲಿ ಈಗಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆ ಸೇರಿದರು. ಆಗ ಆ ನೆಲ ಅಮೆರಿಕದ್ದಲ್ಲ, ಮೆಕ್ಸಿಕೊದ್ದು. ಇದನ್ನು ಕರೋನಾದಲ್ಲಿ ಒಬ್ಬ ಎಲ್ಡರ್ ಪುಯೆಬ್ಲಾದ ಗಾರೆ ಕೆಲಸದವನಿಗೆ ಹೇಳಿದಾಗ ಅವನು ಬಹಳ ಹೊತ್ತು ತಲೆದೂಗಿದ. ಆಮೇಲೆ ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯಿಂದ ಸಾವಿರಾರು ಬಡವರು ಮತ ಸೇರಿ ಅಲ್ಲಿಗೆ ಬಂದರು. ಅವರ ಪ್ರಯಾಣಕ್ಕೆ ಸಾಲ ಕೊಡಲು 1849ರಲ್ಲಿ ಚರ್ಚು ಒಂದು ನಿಧಿಯನ್ನೇ ತೆರೆಯಿತು. ಎತ್ತಿನ ಗಾಡಿಗೂ ಕಾಸಿಲ್ಲದವರು 1856ರಿಂದ 1860ರವರೆಗೆ ಕೈಗಾಡಿಗಳನ್ನು ತಾವೇ ಎಳೆದುಕೊಂಡು ಸಾವಿರ ಮೈಲಿಗೂ ಜಾಸ್ತಿ ನಡೆದರು. ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ಸತ್ತವರೂ ಇದ್ದಾರೆ. ಯೂಟಾ, ಐಡಹೊ ಕಡೆ ಬೆಳೆದ ಮಕ್ಕಳು ಈ ಕಥೆ ಕೇಳಿಕೊಂಡೇ ದೊಡ್ಡವರಾಗುತ್ತಾರೆ. ಕೇಳುವುದು ಬೇರೆ, ಮನೆ ಬಿಟ್ಟು ಬಂದವರ ಅಡುಗೆಮನೆಯಲ್ಲಿ ಕೂರುವುದು ಬೇರೆ.

ಮಿಷನ್‌ಗೆ ಹೋಗುವುದು ಸಂಬಳದ ಕೆಲಸವಲ್ಲ. ಗಂಡುಮಕ್ಕಳು ಎರಡು ವರ್ಷ, ಹೆಣ್ಣುಮಕ್ಕಳು ಒಂದೂವರೆ ವರ್ಷ. 2012ರಲ್ಲಿ ಗಂಡುಮಕ್ಕಳ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೂ ಹೆಣ್ಣುಮಕ್ಕಳದ್ದನ್ನು 21ರಿಂದ 19ಕ್ಕೂ ಇಳಿಸಿದ ಮೇಲೆ ಹೊರಡುವವರ ಸಂಖ್ಯೆ ಒಮ್ಮೆಲೇ ಏರಿತು. ಈಗ ಜಗತ್ತಿನಾದ್ಯಂತ 70,000ಕ್ಕೂ ಜಾಸ್ತಿ ಮಿಷನರಿಗಳಿದ್ದಾರೆ. ಖರ್ಚು ಅವರದೇ ಅಥವಾ ಮನೆಯವರದು. ಅಮೆರಿಕದವರು 2020ರ ಜುಲೈಯಿಂದ ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. ಆ ಹಣವೆಲ್ಲ ಒಂದೇ ಗಂಟಿಗೆ ಬೀಳುತ್ತದೆ. ದುಬಾರಿ ನ್ಯೂಯಾರ್ಕ್‌ಗೆ ಹೋದವನೂ ಅಷ್ಟೇ ಕಟ್ಟಬೇಕು, ಅಗ್ಗದ ಊರಿಗೆ ಹೋದವನೂ ಅಷ್ಟೇ. ಊಟ, ಓಡಾಟಕ್ಕೆ ಅಂತ ಕೈಗೆ ಬರುವ ದುಡ್ಡು ಕಡಿಮೆ. ತಿಂಗಳ ಕೊನೆಯಲ್ಲಿ ಮೊಟ್ಟೆ ಮತ್ತು ಅನ್ನ.

ಎಲ್ಲಿಗೆ ಹೋಗಬೇಕು ಅನ್ನುವುದು ಹುಡುಗನ ಕೈಯಲ್ಲಿಲ್ಲ. ಅರ್ಜಿ ಹಾಕುತ್ತಾರೆ. ಸಾಲ್ಟ್ ಲೇಕ್ ಸಿಟಿಯಲ್ಲಿ ಚರ್ಚಿನ ಹಿರಿಯರು ಪ್ರಾರ್ಥನೆ ಮಾಡಿ ಊರು ಗೊತ್ತು ಮಾಡುತ್ತಾರೆ ಅಂತ ನಂಬಿಕೆ. ಮೊದಲು ದೊಡ್ಡ ಬಿಳಿ ಲಕೋಟೆ ಬರುತ್ತಿತ್ತು, 2018ರ ಕೊನೆಯಿಂದ ಆನ್‌ಲೈನ್. ನೆಂಟರೆಲ್ಲ ಸೇರಿದಾಗ ತೆರೆದು ಓದುವುದು ಮನೆಯ ದೊಡ್ಡ ಸಂಭ್ರಮ. ಪೆರು ಬರಲಿ, ಬ್ರೆಜಿಲ್ ಬರಲಿ ಅಂತ ಆಸೆ ಇಟ್ಟುಕೊಂಡವನಿಗೆ ‘ನ್ಯೂಯಾರ್ಕ್, ಸ್ಪ್ಯಾನಿಷ್ ಭಾಷೆ’ ಅಂತ ಬಂದರೆ ಮುಖ ಸಣ್ಣದಾಗುತ್ತದೆ. ನನ್ನ ಹಾಸಿಗೆ ಹೊತ್ತ ಹುಡುಗನಿಗೂ ಹಾಗೇ ಆಗಿತ್ತಂತೆ. ಐಡಹೊದ ಆಲೂಗಡ್ಡೆ ಹೊಲಗಳ ನಡುವೆ ಬೆಳೆದವನು ಅವನು. ತನ್ನ ದೇಶದೊಳಗೇ ತಾನು ಹೊರಗಿನವನಾಗುವ ಜಾಗವೊಂದಿದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಹೊರಡುವ ಮೊದಲು ತರಬೇತಿ. ಯೂಟಾದ ಪ್ರೊವೊದಲ್ಲಿ ದೊಡ್ಡ ಕೇಂದ್ರವಿದೆ, ಅಲ್ಲಿ 50ಕ್ಕೂ ಜಾಸ್ತಿ ಭಾಷೆ ಕಲಿಸುತ್ತಾರೆ. ಸ್ಪ್ಯಾನಿಷ್‌ಗೆ ಸುಮಾರು ಆರು ವಾರ. ಮೊದಲ ದಿನಗಳಿಂದಲೇ ಹರುಕು ಮುರುಕು ಭಾಷೆಯಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ. ಆರು ವಾರ ಮುಗಿಸಿ, ಬಂತು ಅಂದುಕೊಂಡು ಕರೋನಾದ ಬೀದಿಗಿಳಿದರೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ಅಂಗಡಿಯವನು ಒಂದು ಥರ ಮಾತಾಡುತ್ತಾನೆ, ಡೊಮಿನಿಕನ್ ಕ್ಷೌರಿಕ ಇನ್ನೊಂದು ಥರ. ಸ್ಪ್ಯಾನಿಷ್‌ನಲ್ಲಿ ಪಾಪಕ್ಕೆ ಪೆಕಾದೋ ಅನ್ನುತ್ತಾರೆ. ಪೆಸ್ಕಾದೋ ಅಂದರೆ ಮೀನು. ದೇವರು ನಮ್ಮ ಮೀನುಗಳನ್ನೆಲ್ಲ ಕ್ಷಮಿಸುತ್ತಾನೆ ಅಂತ ಹೇಳದ ಹೊಸ ಎಲ್ಡರ್ ಇಲ್ಲವಂತೆ. ನಮ್ಮ ಅಡುಗೆಮನೆಯಲ್ಲೂ ಆ ಮಾತು ಬಂತು. ಒಡತಿ ನಗಲಿಲ್ಲ. ಮೆಲ್ಲಗೆ ಸರಿಯಾದ ಪದ ಹೇಳಿ, ಮುಂದೆ ಹೇಳು ಮಗನೇ ಅಂದರು. ಇಂಗ್ಲಿಷ್ ತಪ್ಪಾಡಿದ್ದಕ್ಕೆ ಬೈಸಿಕೊಂಡ ಅನುಭವ ಅವರಿಗೆ ಬೇಕಾದಷ್ಟಿತ್ತು.

ದಿನ ಶುರುವಾಗುವುದು ಬೆಳಿಗ್ಗೆ 6:30ಕ್ಕೆ. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಗ್ರಂಥಗಳ ಓದು, ಇಬ್ಬರೂ ಕೂತು ಆ ದಿನ ಯಾರಿಗೆ ಏನು ಹೇಳಬೇಕು ಅನ್ನುವ ತಯಾರಿ, ಭಾಷಾ ಅಭ್ಯಾಸ. ಬೆಳಗಿನ ಹೊತ್ತು ಇದಕ್ಕೇ ಹೋಗುತ್ತದೆ. ಹೊರಬಿದ್ದ ಮೇಲೆ ರಾತ್ರಿ 9ರವರೆಗೆ ಬೀದಿ, ಯಾರ ಮನೆಯಲ್ಲಾದರೂ ಪಾಠ ನಡೆಯುತ್ತಿದ್ದರೆ 9:30. 10:30ಕ್ಕೆ ದೀಪ ಆರಬೇಕು. 2017ರಿಂದ ವೇಳಾಪಟ್ಟಿ ಸ್ವಲ್ಪ ಸಡಿಲವಾಗಿದೆ, ಊರಿಗೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಟಿವಿ ಇಲ್ಲ, ಸಿನಿಮಾ ಇಲ್ಲ, ಹುಡುಗಿಯರ ಜೊತೆ ಓಡಾಟ ಇಲ್ಲ. ಫೋನ್ ಕೊಟ್ಟಿರುತ್ತಾರೆ, ಅದು ಕೆಲಸಕ್ಕೆ.

ಇದೆಲ್ಲಕ್ಕಿಂತ ಕಷ್ಟದ್ದು ಜೊತೆಗಾರ. ಕಂಪ್ಯಾನಿಯನ್ ಅನ್ನುತ್ತಾರೆ. ಮಿಷನರಿ ಯಾವತ್ತೂ ಒಂಟಿಯಲ್ಲ. ಬಚ್ಚಲಮನೆ ಬಿಟ್ಟರೆ ಉಳಿದೆಲ್ಲ ಕಡೆ ಒಬ್ಬರ ಕಣ್ಣಿಗೆ ಕಿವಿಗೆ ಇನ್ನೊಬ್ಬರು ಸಿಗುವಂತಿರಬೇಕು. ಜೊತೆಗಾರನನ್ನು ಆರಿಸುವುದೂ ಅವರಲ್ಲ. ಹೊಸಬನಿಗೆ ‘ಗ್ರೀನಿ’ ಅನ್ನುತ್ತಾರೆ, ಅವನಿಗೆ ಕೆಲಸ ಕಲಿಸುವವನು ‘ಟ್ರೇನರ್’. ಹೊಂದಿಕೆಯಾದರೆ ಜೀವದ ಗೆಳೆಯ, ಆಗದಿದ್ದರೆ ಮುಂದಿನ ‘ಟ್ರಾನ್ಸ್‌ಫರ್’ವರೆಗೆ ಹಲ್ಲು ಕಚ್ಚಿಕೊಂಡಿರಬೇಕು. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಬರುತ್ತದೆ. ಆ ದಿನ ಜೊತೆಗಾರ ಬದಲಾಗಬಹುದು, ಬಡಾವಣೆಯೇ ಬದಲಾಗಬಹುದು, ಏನೂ ಬದಲಾಗದೆಯೂ ಇರಬಹುದು. ನನ್ನ ಐಡಹೊ ಹುಡುಗನ ಜೊತೆಗಾರ ಟೆಕ್ಸಸ್‌ನವನು, ಅಪ್ಪ ಅಮ್ಮ ಹೊಂಡುರಾಸ್‌ನಿಂದ ಬಂದವರು. ಅವನ ಸ್ಪ್ಯಾನಿಷ್ ನೀರು ಕುಡಿದಷ್ಟು ಸಲೀಸು. ಒಬ್ಬನಿಗೆ ಭಾಷೆ ಬಾರದೆ ನಾಚಿಕೆ, ಇನ್ನೊಬ್ಬನಿಗೆ ಎಲ್ಲ ಮಾತೂ ತಾನೇ ಆಡಬೇಕಾದ ಸುಸ್ತು.

ಬಾಗಿಲು ಬಡಿಯುವುದೇ ಇವರ ಕೆಲಸ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಕರೋನಾದಂಥ ಕಡೆ ಬಾಗಿಲು ಬಡಿದರೆ ಕೆಲಸ ಕೆಡುತ್ತದೆ. ಒಂದೇ ಮನೆಯಲ್ಲಿ ಐದಾರು ಸಂಸಾರ, ಕರೆಗಂಟೆಯ ಪಕ್ಕ ಟೇಪು ಅಂಟಿಸಿ ಬರೆದ ಹೆಸರುಗಳು, ಅರ್ಧದಷ್ಟು ಹಳೆ ಬಾಡಿಗೆದಾರರದ್ದು. ಕಾಗದಪತ್ರ ಇಲ್ಲದವರಿಗೆ ಬಾಗಿಲ ಸದ್ದೆಂದರೆ ಎದೆಯಲ್ಲಿ ಡವಡವ. ಅದರಲ್ಲೂ ಹೊರಗೆ ನಿಂತವರು ನೀಟಾಗಿ ಕ್ರಾಪು ಕತ್ತರಿಸಿದ, ಟೈ ಕಟ್ಟಿದ, ಎದೆಗೆ ಬಿಲ್ಲೆ ಹಾಕಿದ ಇಬ್ಬರು ಅಮೆರಿಕನ್ನರು. ವಲಸೆ ಇಲಾಖೆಯವರು ಅಂತಲೇ ಅನ್ನಿಸುತ್ತದೆ. ನಮ್ಮ ಮನೆಯಲ್ಲೂ ಮೊದಲ ಸಲ ಅವರು ಗಂಟೆ ಒತ್ತಿದಾಗ ಕೆಳಮಹಡಿಯ ಅಣ್ಣತಮ್ಮಂದಿರು ದೀಪ ಆರಿಸಿ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಇದು ಗೊತ್ತಾದಾಗ ಐಡಹೊ ಹುಡುಗ ಬಹಳ ನೊಂದುಕೊಂಡ. ತನ್ನನ್ನು ನೋಡಿ ಯಾರಾದರೂ ಹೆದರಬಹುದು ಅಂತ ಅವನು ಕನಸಲ್ಲೂ ಎಣಿಸಿರಲಿಲ್ಲ. ಅವತ್ತಿನಿಂದ ಗಂಟೆ ಒತ್ತುವುದನ್ನು ಬಿಟ್ಟ. ಕೆಳಗೆ ನಿಂತು ಒಡತಿಗೆ ವಾಟ್ಸಾಪ್ ಮಾಡುತ್ತಿದ್ದ.

ಜನ ಸಿಗುವುದು ಬೇರೆ ದಾರಿಗಳಲ್ಲಿ. ಮನೆ ಸಾಮಾನು ಹೊರುವಾಗ, ಈಗಾಗಲೇ ಸದಸ್ಯರಾದವರ ನೆಂಟರ ಮೂಲಕ, ಫೇಸ್‌ಬುಕ್‌ನಲ್ಲಿ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇಂಗ್ಲಿಷ್ ತರಗತಿ ಅಂತ ನನಗನ್ನಿಸಿತು. ಚರ್ಚಿಗೆ ಇಂಗ್ಲಿಷ್‌ಕನೆಕ್ಟ್ ಅನ್ನುವ ಉಚಿತ ಕಾರ್ಯಕ್ರಮವಿದೆ. ಮತ ಸೇರಬೇಕು ಅಂತ ಷರತ್ತಿಲ್ಲ. ಒಡತಿಯ ಜೊತೆ ಒಮ್ಮೆ ಹೋಗಿದ್ದೆ. ಮಡಚುವ ಕುರ್ಚಿಗಳು, ಒಂದು ಬಿಳಿ ಬೋರ್ಡು, ಹತ್ತು ಹನ್ನೆರಡು ಜನ. ಒಬ್ಬನ ಪ್ಯಾಂಟಿನ ಮೇಲೆ ಇನ್ನೂ ಸುಣ್ಣದ ಧೂಳು. ಹಾಡು ಕಥೆ ಏನೂ ಇಲ್ಲ, ಸೀದಾ ಬೇಕಾದ ಮಾತು. ‘ಮಗಳಿಗೆ ಜ್ವರ, ಇವತ್ತು ಶಾಲೆಗೆ ಬರುವುದಿಲ್ಲ’ ಅಂತ ಫೋನಿನಲ್ಲಿ ಹೇಳುವುದು ಹೇಗೆ. ‘ಕಳೆದ ವಾರದ ಕೂಲಿ ಬಂದಿಲ್ಲ’ ಅಂತ ಮೇಸ್ತ್ರಿಗೆ ಹೇಳುವುದು ಹೇಗೆ. ಆ ಎರಡನೇ ವಾಕ್ಯವನ್ನು ಎಲ್ಲರೂ ಒಟ್ಟಿಗೆ ಜೋರಾಗಿ ಹೇಳಿದರು. ಎಲ್ಡರ್ ಬೋರ್ಡಿನ ಮುಂದೆ ನಿಂತು ಇನ್ನೊಮ್ಮೆ, ಇನ್ನೊಮ್ಮೆ ಅನ್ನುತ್ತಿದ್ದ. ಅಷ್ಟು ಒಗ್ಗಟ್ಟಿನ ದನಿ ನಾನು ಅವರ ಭಾನುವಾರದ ಹಾಡುಗಳಲ್ಲೂ ಕೇಳಲಿಲ್ಲ.

ಸಮಯದ್ದೇ ಇನ್ನೊಂದು ತೊಂದರೆ. ಹೋಟೆಲ್ ಅಡುಗೆಯವನಿಗೆ ಬಿಡುವು ಸಿಗುವುದು ರಾತ್ರಿ 11ಕ್ಕೆ. ಆಗ ಎಲ್ಡರ್‌ಗಳು ಮಲಗಿರಬೇಕು. ಮನೆ ಸ್ವಚ್ಛ ಮಾಡುವ ಹೆಂಗಸು ಬೆಳಿಗ್ಗೆ 5ಕ್ಕೆ ರೈಲು ಹಿಡಿಯುತ್ತಾಳೆ. ಭಾನುವಾರ ಚರ್ಚಿಗೆ ಬನ್ನಿ ಅಂದರೆ ಭಾನುವಾರವೇ ಹೆಚ್ಚು ಕೂಲಿ ಸಿಗುವ ದಿನ. 2019ರಿಂದ ಭಾನುವಾರದ ಸಭೆಯನ್ನು ಮೂರು ಗಂಟೆಯಿಂದ ಎರಡಕ್ಕೆ ಇಳಿಸಿದ್ದಾರೆ, ಆದರೂ ಒಂದು ದಿನದ ಸಂಬಳ ಸಂಬಳವೇ. ಹೀಗಾಗಿ ಹತ್ತು ಜನರ ಜೊತೆ ಮಾತು ನಿಗದಿ ಮಾಡಿಕೊಂಡರೆ ಸಿಗುವವರು ಇಬ್ಬರೋ ಮೂವರೋ. ಉಳಿದ ಹೊತ್ತು ರೈಲ್ವೆ ಮೆಟ್ಟಿಲ ಕೆಳಗೆ ಚಳಿಯಲ್ಲಿ ನಿಲ್ಲುವುದು, ಬೇಡ ಅನ್ನಿಸಿಕೊಳ್ಳುವುದು. 19ರ ವಯಸ್ಸಿನಲ್ಲಿ ದಿನಕ್ಕೆ ಅಷ್ಟು ಸಲ ಬೇಡ ಅನ್ನಿಸಿಕೊಂಡು ಮರುದಿನ ಮತ್ತೆ ಇಸ್ತ್ರಿ ಅಂಗಿ ಹಾಕುವುದು ಸಣ್ಣ ಮಾತಲ್ಲ. ತಡೆಯಲಾರದೆ ಅವಧಿಗೆ ಮೊದಲೇ ಮನೆಗೆ ಮರಳುವವರಿದ್ದಾರೆ. ಮರಳಿದವರನ್ನು ಊರಿನವರು ನೋಡುವ ನೋಟ ಹಲವರನ್ನು ಇನ್ನೂ ಕುಗ್ಗಿಸುತ್ತದೆ. ಹಾಗಾಗಬಾರದು.

ಈಗ ಕಾಫಿಗೆ ಬರೋಣ. ಮೊದಲ ಸಲ ಅವರು ಒಳಗೆ ಬಂದಾಗ ಒಡತಿ ಕಾಫಿ ಇಟ್ಟರು. ಹಾಲು ಹಾಕಿ, ಸಕ್ಕರೆ ಜಾಸ್ತಿ ಹಾಕಿ, ಜೊತೆಗೆ ಬ್ರೆಡ್ಡು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಫಿ, ಚಹಾ, ಹೆಂಡ, ಹೊಗೆಸೊಪ್ಪು ಯಾವುದನ್ನೂ ಮುಟ್ಟಬಾರದು ಅನ್ನುವ ನಿಯಮಕ್ಕೆ ಮೂಲ 1833ರ ಒಂದು ದೈವವಾಣಿ. ನಮ್ಮ ಮನೆಗಳಲ್ಲಿ ಬಂದವರು ಕಾಫಿ ಬೇಡ ಅಂದರೆ ಹೇಗನ್ನಿಸುತ್ತೆ ಹೇಳಿ? ಹಾಸನದ ನಮ್ಮಜ್ಜಿ ಆಗಿದ್ದರೆ, ಅರ್ಧ ಲೋಟವಾದರೂ ಕುಡೀರಿ ಅಂತ ಬಿಡುತ್ತಲೇ ಇರಲಿಲ್ಲ. ಒಡತಿಯ ಮುಖ ಬಾಡಿತು. ಟೆಕ್ಸಸ್‌ನವನು ಸಮಾಧಾನವಾಗಿ ವಿವರಿಸಿದ. ಅವರು ಕೇಳಿಸಿಕೊಂಡು, ಲೋಟ ಎತ್ತಿ ನನ್ನ ಮುಂದಿಟ್ಟು, ಹುಡುಗರಿಗೆ ಗಿಡಮೂಲಿಕೆ ಕುದಿಸಿದ ನೀರು ಕೊಟ್ಟರು. ಅದಕ್ಕೆ ಅಡ್ಡಿಯಿಲ್ಲ. ಎರಡು ಲೋಟ ಕಾಫಿ ಅವತ್ತು ನಾನೇ ಕುಡಿದೆ.

ಪಾಠಗಳು ಮುಂದೆ ಹೋದಂತೆ ಕಷ್ಟದ ವಿಷಯಗಳು ಬರುತ್ತವೆ. ಆದಾಯದ ಹತ್ತರಲ್ಲಿ ಒಂದು ಭಾಗ ಚರ್ಚಿಗೆ. ವಾರಕ್ಕೆ ಕೆಲವು ನೂರು ಡಾಲರ್ ದುಡಿದು, ಅದರಲ್ಲಿ ಬಾಡಿಗೆ ಕಟ್ಟಿ, ಊರಿಗೆ ಕಳಿಸುವವರಿಗೆ ಇದು ದೊಡ್ಡ ಮೊತ್ತ. ನನಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಇನ್ನೊಂದು ಕಡೆಯೂ ಹೇಳಬೇಕು. ತಿಂಗಳಿಗೊಮ್ಮೆ ಸದಸ್ಯರು ಉಪವಾಸವಿದ್ದು, ಬಿಟ್ಟ ಊಟದ ಬೆಲೆಯನ್ನು ಕಷ್ಟದಲ್ಲಿರುವವರಿಗೆ ಕೊಡುತ್ತಾರೆ. ಕೆಲಸ ಹೋದವನ ಮನೆಗೆ ಆ ಹಣದಿಂದ ಅಕ್ಕಿ ಬೇಳೆ ಬಂದದ್ದನ್ನು ನೋಡಿದ್ದೇನೆ.

ಮದುವೆಯ ನಿಯಮ ವಲಸಿಗರಿಗೆ ಇನ್ನೂ ತೊಡಕಿನದು. ಜೊತೆಯಾಗಿ ಬಾಳುವ ಗಂಡು ಹೆಣ್ಣು ದೀಕ್ಷಾಸ್ನಾನಕ್ಕೆ ಮೊದಲು ಕಾನೂನಿನ ಪ್ರಕಾರ ಮದುವೆಯಾಗಿರಬೇಕು. ಹತ್ತು ವರ್ಷದಿಂದ ಸಂಸಾರ ಮಾಡಿಕೊಂಡು, ಮಕ್ಕಳೂ ಇರುವ ಜೋಡಿ. ಆದರೆ ಗಂಡನಿಗೆ ಊರಲ್ಲಿ ಹಳೆಯ ಮದುವೆಯೊಂದಿದ್ದು, ವಿಚ್ಛೇದನ ಆಗಿಲ್ಲ. ಅದಕ್ಕೆ ಊರಿಗೆ ಹೋಗಬೇಕು, ಹೋದರೆ ಮರಳಿ ಬರಲಾಗದು. ಹುಡುಗರು ಧರ್ಮ ಬಿಟ್ಟು ವಕೀಲರ, ಕಾನ್ಸುಲೇಟಿನ ಅರ್ಜಿಗಳ ಹಿಂದೆ ಓಡಾಡಬೇಕಾಗುತ್ತದೆ.

ವಲಸೆಯ ಕಾಗದಪತ್ರ ಇದೆಯಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ದೀಕ್ಷಾಸ್ನಾನಕ್ಕೆ ಅದು ಅಡ್ಡಿಯಲ್ಲ. ಅಷ್ಟೇ ಅಲ್ಲ, ಕಾಗದಪತ್ರ ಇಲ್ಲದ ಯುವಕರು ಅಮೆರಿಕದೊಳಗೇ ಮಿಷನರಿಗಳಾಗಿಯೂ ಹೋಗಿದ್ದಾರೆ. 2005ರಲ್ಲಿ ಯೂಟಾದ ಸೆನೆಟರ್ ಬಾಬ್ ಬೆನೆಟ್ ಒಂದು ಮಸೂದೆಗೆ ಸಣ್ಣ ತಿದ್ದುಪಡಿ ಸೇರಿಸಿದರು. ಅಂಥವರನ್ನು ಸ್ವಯಂಸೇವಕರಾಗಿ ಇಟ್ಟುಕೊಂಡ ಚರ್ಚುಗಳ ಮೇಲೆ ಮೊಕದ್ದಮೆ ಹೂಡದಂತೆ ಅದು ತಡೆಯಿತು. 2010ರಲ್ಲಿ ವಲಸಿಗರ ಸಂಸಾರ ಒಡೆಯಬಾರದು ಅನ್ನುವ ‘ಯೂಟಾ ಕಾಂಪ್ಯಾಕ್ಟ್’ ಘೋಷಣೆಗೆ ಚರ್ಚು ಬೆಂಬಲ ಕೊಟ್ಟಿತು. ಇದೇ ಚರ್ಚಿನ ಬಹುಪಾಲು ಅಮೆರಿಕನ್ ಸದಸ್ಯರು ಮತ ಹಾಕುವುದು ವಲಸೆಗೆ ಬಿಗಿ ಬೇಕು ಅನ್ನುವ ಪಕ್ಷಕ್ಕೆ. ಎರಡು ವರ್ಷ ಕರೋನಾದಂಥ ಕಡೆ ಕಳೆದ ಹುಡುಗ ಐಡಹೊಗೆ ಮರಳಿ ಊಟದ ಮೇಜಿನಲ್ಲಿ ಏನು ಮಾತಾಡುತ್ತಾನೆ ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಹೇಳಲೇಬೇಕಾದ ಎರಡು ಹಳೆ ಗಾಯಗಳಿವೆ. 1978ರವರೆಗೆ ಕಪ್ಪು ಗಂಡಸರಿಗೆ ಈ ಚರ್ಚಿನಲ್ಲಿ ಪೌರೋಹಿತ್ಯದ ಹಕ್ಕಿರಲಿಲ್ಲ. ಡೊಮಿನಿಕನ್ನರು, ಹೈಟಿಯವರು ಅದನ್ನು ಫೋನಿನಲ್ಲಿ ಓದಿಕೊಂಡು ಬಂದು ಕೇಳುತ್ತಾರೆ. ಇನ್ನೊಂದು, ಬುಕ್ ಆಫ್ ಮಾರ್ಮನ್‌ನಲ್ಲಿ ಬರುವ ಪ್ರಾಚೀನ ಜನರೇ ಅಮೆರಿಕದ ಮೂಲನಿವಾಸಿಗಳ ಮುಖ್ಯ ಪೂರ್ವಜರು ಅಂತ ಬಹಳ ಕಾಲ ಹೇಳಿಕೊಂಡು ಬಂದರು. ಲ್ಯಾಟಿನ್ ಅಮೆರಿಕದವರಿಗೆ, ಇದು ನಿಮ್ಮದೇ ಹಿರಿಯರ ಕಥೆ ಅಂತ ಪುಸ್ತಕ ಕೊಡುತ್ತಿದ್ದರು. ವಂಶವಾಹಿ ಅಧ್ಯಯನಗಳು ಇದನ್ನು ಬೆಂಬಲಿಸುವುದಿಲ್ಲ. 2006ರ ನಂತರ ಮುನ್ನುಡಿಯ ಮಾತು ‘ಪೂರ್ವಜರಲ್ಲಿ ಕೆಲವರು’ ಎನ್ನುವಂತೆ ಬದಲಾಯಿತು. 19ರ ಹುಡುಗ ಇದಕ್ಕೆಲ್ಲ ಉತ್ತರ ಕೊಡಬೇಕು. ನಮ್ಮ ಹುಡುಗ ಒಮ್ಮೆ, ನನಗೆ ಇದಕ್ಕೆ ಸರಿಯಾದ ಉತ್ತರ ಗೊತ್ತಿಲ್ಲ ಅಂದ. ಆ ಮಾತಿನಿಂದ ಅವನ ಮೇಲೆ ಒಡತಿಗೆ ನಂಬಿಕೆ ಜಾಸ್ತಿಯಾಯಿತು.

ಇಷ್ಟು ಓದಿದವರು ಒಂದು ಪ್ರಶ್ನೆ ಇಟ್ಟುಕೊಂಡಿರುತ್ತೀರಿ. ಇದು ಮತಾಂತರವೇ ಅಲ್ವಾ? ಕಷ್ಟದಲ್ಲಿರುವ, ಒಂಟಿಯಾಗಿರುವ ಜನರ ಹತ್ತಿರ ಹೋಗಿ ಸಹಾಯ ಮಾಡುತ್ತಾ ಮತ ಸೇರಿಸಿಕೊಳ್ಳುವುದು ಸರಿಯಾ? ಈ ಚರ್ಚು ನಮ್ಮ ಬೆಂಗಳೂರಿನಲ್ಲೂ ಇದೆ. 1993ರಲ್ಲಿ ಅಲ್ಲಿ ಮಿಷನ್ ಶುರುವಾಯಿತು, 2018ರಲ್ಲಿ ಭಾರತದ ಮೊದಲ ಟೆಂಪಲ್ ಅಲ್ಲಿ ಕಟ್ಟುವುದಾಗಿ ಘೋಷಿಸಿದರು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯ ಹಾಗೆ ಗುದ್ದಲಿ ಹಾಕಿದರು. ಆದ್ದರಿಂದ ಪ್ರಶ್ನೆ ನಮಗೆ ದೂರದ್ದಲ್ಲ. ನಾನು ಕಂಡಷ್ಟರಲ್ಲಿ ಅವರು ಉದ್ದೇಶ ಮುಚ್ಚಿಡುವುದಿಲ್ಲ. ಅದು ಬಿಲ್ಲೆಯ ಮೇಲೇ ಬರೆದಿರುತ್ತದೆ. ಅವರ ಮತ ಬೇಡ ಅಂದವರಿಗೂ ಸಾಮಾನು ಹೊತ್ತುಕೊಡುತ್ತಾರೆ, ನಾನೇ ಸಾಕ್ಷಿ. ನನ್ನನ್ನು ಕಾಡಿದ್ದು ಬೇರ್ಪಡುವಿಕೆ. ಅಪ್ಪ, ಅಮ್ಮ, ಮಕ್ಕಳನ್ನು ಬಿಟ್ಟು ಬಂದ ಹೆಂಗಸಿಗೆ ವಾರ ವಾರ ಮನೆಗೆ ಬಂದು ಹೇಗಿದ್ದೀರಿ ಅಂತ ಕೇಳುವ ಹುಡುಗ ಸಿಗುತ್ತಾನೆ. ಅವನ ಮೇಲಿನ ಅಕ್ಕರೆ ಯಾವುದು, ಅವನ ದೇವರ ಮೇಲಿನ ನಂಬಿಕೆ ಯಾವುದು ಅಂತ ಬಿಡಿಸಿ ಹೇಳಲು ಅವಳಿಗೂ ಆಗದು. ಅಷ್ಟರಲ್ಲಿ ಟ್ರಾನ್ಸ್‌ಫರ್ ಬರುತ್ತದೆ, ಹುಡುಗ ಹೋಗುತ್ತಾನೆ. ಹೊಸಬರಿಗೆ ಒಬ್ಬ ಗೆಳೆಯ ಬೇಕು, ಒಂದು ಹೊಣೆ ಬೇಕು, ದೇವರ ಮಾತಿನ ಪೋಷಣೆ ಬೇಕು ಅಂತ 1997ರಲ್ಲೇ ಆಗಿನ ಅಧ್ಯಕ್ಷ ಗಾರ್ಡನ್ ಹಿಂಕ್ಲಿ ಹೇಳಿದ್ದರು. ಅಂದರೆ ಕೊರತೆ ಚರ್ಚಿಗೂ ಗೊತ್ತು. ಗೆಳೆಯ ಹೋದ ಮೇಲೆ ಭಾನುವಾರ ಬರುವುದನ್ನೇ ಬಿಟ್ಟವರು ಅನೇಕರಿದ್ದಾರೆ.

ನಮ್ಮ ಒಡತಿ ಉಳಿದರು. ದೀಕ್ಷಾಸ್ನಾನದ ದಿನ ನನ್ನನ್ನೂ ಕರೆದಿದ್ದರು. ಬಿಳಿ ಉಡುಪು, ಎದೆಮಟ್ಟದ ನೀರಿನ ತೊಟ್ಟಿ. ಇಡೀ ಮೈ ಮುಳುಗಬೇಕು, ಕಾಲಿನ ಹೆಬ್ಬೆರಳು ಮೇಲೆ ಉಳಿದರೂ ಲೆಕ್ಕಕ್ಕಿಲ್ಲ. ಎರಡು ಬದಿಯಲ್ಲಿ ಸಾಕ್ಷಿಗಳು ನಿಂತು ನೋಡುತ್ತಾರೆ. ಮೊದಲ ಸಲ ಅವರ ಜಡೆ ತೇಲಿತು, ಮತ್ತೊಮ್ಮೆ ಮುಳುಗಿಸಿದರು. ಐಡಹೊ ಹುಡುಗ ಆಗ ನಗರದ ಇನ್ನೊಂದು ಮೂಲೆಗೆ ಟ್ರಾನ್ಸ್‌ಫರ್ ಆಗಿ ನಾಲ್ಕು ತಿಂಗಳಾಗಿತ್ತು. ವಿಡಿಯೊ ಕರೆಯಲ್ಲಿ ನೋಡಿದ. ಫೋನ್ ಹಿಡಿದುಕೊಂಡಿದ್ದು ನಾನು.

ವಾರಕ್ಕೊಂದು ದಿನ ಅವರಿಗೆ ‘ಪಿ-ಡೇ’, ತಯಾರಿಯ ದಿನ. ಬಟ್ಟೆ ಒಗೆಯುವುದು, ದಿನಸಿ, ಕ್ಷೌರ, ಫುಟ್‌ಬಾಲ್. 2019ರ ಫೆಬ್ರವರಿಗೆ ಮೊದಲು ಮಿಷನರಿಗಳು ಮನೆಗೆ ಫೋನ್ ಮಾಡಬಹುದಾಗಿದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಈಗ ಪ್ರತಿ ಪಿ-ಡೇ ಮಾತಾಡಬಹುದು. ಮನೆಯ ಯೋಚನೆಯಲ್ಲೇ ಮುಳುಗಿ ಕೆಲಸ ಬಿಟ್ಟವನಿಗೆ ಅವರ ಭಾಷೆಯಲ್ಲಿ ‘ಟ್ರಂಕಿ’ ಅನ್ನುತ್ತಾರೆ. ಮನಸ್ಸಿನಲ್ಲೇ ಟ್ರಂಕು ಕಟ್ಟಿ ಕೂತವನು ಅಂತ. ಆ ಪದ ಕೇಳಿದಾಗ ಒಡತಿ ನನ್ನ ಕಡೆ ತಿರುಗಿ, ಹಾಗಾದರೆ ನಾನು ಹನ್ನೊಂದು ವರ್ಷದಿಂದ ಟ್ರಂಕಿ ಅಂದರು. ಎಕ್ವಡಾರ್‌ನ ಕ್ಯುಂಕಾ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯ ಜೊತೆ ಬಿಟ್ಟುಬಂದ ಮಗನಿಗೆ ಆಗ ಆರು ವರ್ಷ, ಈಗ ಹದಿನೇಳು. ಎಲ್ಡರ್‌ಗೆ ಎರಡು ವರ್ಷದ ಕೊನೆಗೆ ವಿಮಾನದ ಟಿಕೆಟ್ ಬರುತ್ತದೆ. ಇವರಿಗೆ ಬರುವುದಿಲ್ಲ. ಪಾತ್ರೆಯ ತಳ ಹಿಡಿದ ಗರಿಗರಿ ಅನ್ನಕ್ಕೆ ಅವರಲ್ಲಿ ಕೊಕೊಲೋನ್ ಅನ್ನುತ್ತಾರೆ. ಮಗನಿಗೆ ಅದು ಇಷ್ಟ ಅಂತ ಹೇಳಿ ಹುಡುಗರ ತಟ್ಟೆಗೆ ಕೆರೆದು ಹಾಕುತ್ತಿದ್ದರು.

ಮಿಷನರಿಗಳಿಗೆ ಒಂದು ಪದ್ಧತಿ ಇದೆ. ಇಲ್ಲಿ ಪರಿಚಯವಾದವರ ಮನೆಯವರು ಬೇರೆ ಊರಲ್ಲಿದ್ದರೆ, ಅವರು ಒಪ್ಪಿದರೆ, ಆ ಊರಿನ ಮಿಷನರಿಗಳಿಗೆ ವಿಳಾಸ ಕಳಿಸುತ್ತಾರೆ. ಒಡತಿ ಹಾಗೆ ಮಗನ ವಿಳಾಸ ಕೊಟ್ಟಿದ್ದರು. ನಾನು ಮನೆ ಖಾಲಿ ಮಾಡುವ ವಾರ ಅವರ ಫೋನಿಗೆ ಒಂದು ಚಿತ್ರ ಬಂತು. ಹಂಚಿನ ಮಾಡು, ನೀಲಿ ಬಾಗಿಲು, ಬಿಲ್ಲೆ ಹಾಕಿದ ಇಬ್ಬರು ಹುಡುಗರು, ನಡುವೆ ಅವರಿಬ್ಬರಿಗಿಂತ ಎತ್ತರದ ಒಬ್ಬ. ಒಡತಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಬಾಗಿಲ ಚೌಕಟ್ಟಿಗೆ ಎಷ್ಟು ಗೇಣು ಬಾಕಿ ಅಂತ ಲೆಕ್ಕ ಹಾಕಿದರು. ಸ್ವೆಟರ್ ಹಾಕಿಲ್ಲ ಅಂತ ಗೊಣಗಿದರು. ಅಷ್ಟರಲ್ಲಿ ಮಗನ ಧ್ವನಿ ಸಂದೇಶವೂ ಬಂತು. ಅಮ್ಮಾ, ನಿನ್ನ ಹುಡುಗರು ಬಂದಿದ್ದರು, ಅಜ್ಜಿ ಕಾಫಿ ಮಾಡಿಕೊಟ್ಟರೆ ಇಬ್ಬರೂ ಮುಟ್ಟಲೇ ಇಲ್ಲ, ಅಜ್ಜಿಗೆ ಬೇಜಾರಾಗಿದೆ, ಯಾಕೆ ಅಂತ ನೀನೇ ಫೋನ್ ಮಾಡಿ ಹೇಳು.